ಖರ್ಚು ಯಾರದಾದರೇನು?

ಮನೆಯ ಕೋಣೆಯಿಂದ ಹೊರಬರುವಾಗ ದೀಪ ಆರಿಸಲು ಮರೆಯದ ಗೃಹಸ್ಥನೇ ಕಚೇರಿಯಲ್ಲಿ ಖಾಲಿ ಕುರ್ಚಿಗಳ ಮೇಲೆ ಫ್ಯಾನು ತಿರುಗುತ್ತಿದ್ದರೂ ಎದ್ದು ಹೋಗುತ್ತಾನೆ. ಮನೆಯಲ್ಲಿ ನೀರನ್ನು ಸೋಸಿ, ಅಳೆದು ಬಳಸುವವನು ಅಲ್ಲಿ ಸೋರುವ ನಲ್ಲಿಯನ್ನು ಕಂಡೂ ಕಾಣದಂತಿರುತ್ತಾನೆ. ಒಂದು ಸಾಲಿನ ಟಿಪ್ಪಣಿಗೆ ಇಡೀ ಹಾಳೆಯನ್ನು ವ್ಯಯಿಸುತ್ತಾನೆ. ಕಾರಣ ಇಷ್ಟೇ: ಇಲ್ಲಿ ಹಣ ತನ್ನದು, ಅಲ್ಲಿ ತನ್ನದಲ್ಲ.

ಶ್ರಾವಕನ ಮೂರು ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಪ್ರಯೋಜನವಿಲ್ಲದೆ ಪಾಪಕ್ಕೆ ಎಡೆಗೊಡುವ ನಡೆಯಿಂದ ದೂರವಿರುವುದೇ ಈ ವ್ರತ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತಾರೆ. ಅವುಗಳಲ್ಲಿ ಪ್ರಮಾದಚರ್ಯೆ ಒಂದು. ನಿಷ್ಕಾರಣವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಾಳಿ ಬೀಸುವುದು, ಗಿಡಮರ ಕಡಿಯುವುದು ಇದರಲ್ಲಿ ಸೇರುತ್ತವೆ. ಇವೆಲ್ಲವುಗಳಲ್ಲಿಯೂ ಏಕೇಂದ್ರಿಯ ಜೀವಗಳಿವೆ ಎಂಬುದು ಜೈನದರ್ಶನದ ನಿಲುವು. ಆ ಜೀವಗಳಿಗೆ ಮನೆ, ಕಚೇರಿ ಎಂಬ ಭೇದವಿಲ್ಲ. ಬಿಲ್ಲನ್ನು ಯಾರು ಕಟ್ಟಿದರೂ ಹಿಂಸೆ ಹಿಂಸೆಯೇ. ಅದರ ಕರ್ಮಬಂಧ ಮಾಡಿದವನಿಗೇ.

ಹಾಗಾದರೆ ಮನೆಯ ಮಿತವ್ಯಯ ವ್ರತವೇ, ಬರಿಯ ಲೆಕ್ಕಾಚಾರವೇ? ಅದನ್ನು ಒರೆಗೆ ಹಚ್ಚುವ ಸ್ಥಳ ಕಚೇರಿ. ತನ್ನ ಒಂದು ಪೈಸೆಯೂ ಉಳಿಯದ ಕಡೆ ಸ್ವಿಚ್ಚಿನತ್ತ ಕೈ ಚಾಚಿದಾಗ ಮಿತವ್ಯಯ ವ್ರತವಾಗುತ್ತದೆ.