ಓಲೆ ಕಳೆದ ಹಸು ಮತ್ತು ನನ್ನ ಪರೀಕ್ಷೆ

50ಕ್ಕೆ 16. ಮೊದಲ ಸಲ ವಿಮಾ ಏಜೆಂಟ್ ಪರೀಕ್ಷೆ ಬರೆದು ಹೊರಬಂದಾಗ ನನ್ನ ಅಂಕ ಇಷ್ಟೇ. ಪಾಸಾಗಲು ಶೇ 35, ಅಂದರೆ 18 ಬಂದಿದ್ದರೆ ಸಾಕಿತ್ತು. ಮೈಸೂರಿನಿಂದ ರೈಲು ಹತ್ತಿದವಳು ಅಕ್ಕಿಹೆಬ್ಬಾಳಿನಲ್ಲಿ ಇಳಿಯುವವರೆಗೂ ಆ ಎರಡು ಅಂಕಗಳನ್ನೇ ಹುಡುಕುತ್ತಿದ್ದೆ. ಸಾಗರಕಟ್ಟೆ ಸೇತುವೆ ಮೇಲೆ ಎಲ್ಲರೂ ಹಿನ್ನೀರಿನ ಕಡೆ ಮೊಬೈಲ್ ಹಿಡಿದಿದ್ದರು, ನಾನು ಮಾತ್ರ ಮುಖ ತಿರುಗಿಸಿಕೊಂಡು ಕೂತಿದ್ದೆ.

ಬಿ.ಎ. ಮುಗಿಸಿ ಕೆ.ಆರ್.ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕೂತವಳಿಗೆ ಈ ವಿಮೆಯ ಹುಚ್ಚು ಹತ್ತಿದ್ದು ಸುಮ್ಮನೆ ಅಲ್ಲ. ನಾನು ಪಿಯುಸಿಯಲ್ಲಿದ್ದಾಗ ನಮ್ಮ ಸೀಮೆಹಸು ಸತ್ತಿತು. ಸಾಲ ತೆಗೆದು ತಂದ ಹಸು, ವಿಮೆಯೂ ಇತ್ತು. ಆದರೆ ಅದರ ಕಿವಿಯೋಲೆ ಆರು ತಿಂಗಳ ಹಿಂದೆಯೇ ಬೇಲಿಗೆ ಸಿಕ್ಕಿ ಕಿತ್ತುಬಂದಿತ್ತು. ಅಪ್ಪ ಅದನ್ನು ಜೋಪಾನವಾಗಿ ದೇವರ ಗೂಡಿನಲ್ಲಿ ಇಟ್ಟಿದ್ದರು. ಕಿವಿಯಲ್ಲಿ ಓಲೆ ಇಲ್ಲ ಎಂದು ಅರ್ಜಿ ವಾಪಸ್ ಬಂತು. ‘ಓಲೆ ಇಲ್ದಿದ್ರೆ ಹಸ ಸತ್ತೇ ಇಲ್ಲ ಅಂತಾರೇನ್ ಮಗ?’ ಎಂದು ಅಪ್ಪ ಕೇಳಿದ್ದು ಈಗಲೂ ಕಿವಿಯಲ್ಲಿದೆ. ಅಂದಿನಿಂದ ನಮ್ಮ ಮನೆಯಲ್ಲಿ ವಿಮೆ ಅಂದರೆ ಬೈಗುಳ.

ಹಾಗಾಗಿ ಐಸಿ-38 ಪುಸ್ತಕವನ್ನು ನಾನು ಅಪ್ಪನಿಗೆ ಕಾಣದಂತೆ ಓದುತ್ತಿದ್ದೆ. ಹತ್ತನೇ ತರಗತಿ ಪಾಸಾಗಿ 18 ವರ್ಷ ತುಂಬಿದ್ದರೆ ಯಾರು ಬೇಕಾದರೂ ಬರೆಯಬಹುದಾದ ಪರೀಕ್ಷೆ ಇದು. ಮೊದಲು 25 ಗಂಟೆ ತರಬೇತಿ, ಆಮೇಲೆ ಕಂಪ್ಯೂಟರ್ ಮುಂದೆ ಒಂದು ಗಂಟೆ, 50 ಪ್ರಶ್ನೆ. ಕನ್ನಡದಲ್ಲೂ ಬರೆಯಬಹುದು. ಆದರೆ ಆ ಕನ್ನಡ! ಒಂದೊಂದು ವಾಕ್ಯವನ್ನೂ ಮೂರು ಸಲ ಓದಿ, ಮನಸ್ಸಿನಲ್ಲೇ ನಮ್ಮ ಊರಿನ ಭಾಷೆಗೆ ತಿರುಗಿಸಿಕೊಳ್ಳಬೇಕಿತ್ತು. ಮೊದಲ ಸಲ ನಾನು ಅದನ್ನೇ ಮಾಡಲಿಲ್ಲ. ಪದ ಪದ ಬಾಯಿಪಾಠ ಹೊಡೆದು ಹೋಗಿದ್ದೆ.

ಎರಡನೇ ಸಲ ಓದಿದ್ದು ಹೇಮಗಿರಿ ಜಾತ್ರೆಯ ದಿನಗಳಲ್ಲಿ. ಬೆಟ್ಟದ ಕೆಳಗೆ, ಹೇಮಾವತಿ ದಂಡೆಯಲ್ಲಿ ಸಾಲುಸಾಲು ದನ ಕಟ್ಟಿದ್ದರು. ಅಂಗಡಿಗೆ ರಜೆ ಹಾಕಿ ಅಪ್ಪನ ಜೊತೆ ಹೋಗಿದ್ದೆ. ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದರು. ಕೊಳ್ಳುವವರು ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಎತ್ತಿಗೆ ಕುಂಟಿದ್ದರೆ ಮಾರುವವನು ಬಾಯಿ ಬಿಡುವುದಿಲ್ಲ, ಕಂಡುಕೊಳ್ಳುವುದು ಕೊಳ್ಳುವವನ ಕೆಲಸ. ಅಲ್ಲಿ ನಿಂತಾಗಲೇ ಪುಸ್ತಕದ ‘ಪರಮ ವಿಶ್ವಾಸ’ದ ಪಾಠ ತಲೆಗೆ ಹೋಯಿತು. ವಿಮೆ ಈ ಜಾತ್ರೆಯ ತಲೆಕೆಳಗು. ಕಂಪನಿ ನಿಮ್ಮ ಕೊಟ್ಟಿಗೆಗೆ ಬಂದು ದಿನಾ ನೋಡಲಾರದು. ಗೊತ್ತಿರುವುದು ನಿಮಗೆ. ಆದ್ದರಿಂದ ಕೇಳಿದರೂ ಕೇಳದಿದ್ದರೂ ಮುಖ್ಯವಾದ್ದನ್ನು ನೀವೇ ಹೇಳಬೇಕು.

ಆಮೇಲೆ ಒಂದೊಂದನ್ನೂ ಊರಿಗೆ ತಂದೆ. ಪಕ್ಕದ ಮನೆಯವರ ಎತ್ತಿಗೆ ನಾನು ವಿಮೆ ಮಾಡಿಸಲಾರೆ, ಅದು ಸತ್ತರೆ ನಷ್ಟ ನನ್ನದಲ್ಲವಲ್ಲ. ಕರೆಂಟ್ ತಂತಿಯ ಕಿಡಿಗೆ ಕಬ್ಬಿನ ಗದ್ದೆ ಹತ್ತಿ, ಆ ಬೆಂಕಿ ಗಾಳಿಗೆ ಹಾರಿ ಹುಲ್ಲಿನ ಮೆದೆ ಸುಟ್ಟರೆ ಮೂಲ ಕಾರಣ ಯಾವುದು ಎಂದು ಕೊಂಡಿ ಕೊಂಡಿಯಾಗಿ ಹಿಂದಕ್ಕೆ ಹೋಗಬೇಕು. 10 ಲಕ್ಷದ ಸರಕಿಗೆ 5 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದವನಿಗೆ 2 ಲಕ್ಷ ನಷ್ಟವಾದರೆ ಪುಸ್ತಕದ ಲೆಕ್ಕದಲ್ಲಿ ಸಿಗುವುದು 1 ಲಕ್ಷ. ಇದನ್ನು ಅಂಗಡಿ ಮಾಲೀಕರಿಗೆ ಹೇಳಿದಾಗ ಅವರು ಟೀ ಲೋಟ ಕೆಳಗಿಟ್ಟರು. ಬೈಕಿನ ಥರ್ಡ್ ಪಾರ್ಟಿ ವಿಮೆ ಇರುವುದು ಎದುರಿನವರಿಗಾಗಿ, ನಮ್ಮ ಬೈಕ್ ಜಜ್ಜಿದರೆ ಅದರಲ್ಲಿ ಬಿಡಿಗಾಸೂ ಬರದು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಪೊಲೀಸರಿಗೆ ತೋರಿಸುವ ಚೀಟಿ ಅದು, ಅಷ್ಟೇ.

ಜಾನುವಾರು ವಿಮೆಯ ಪುಟವನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದೆ. ಓಲೆಯ ನಂಬರ್ ಒಂದೇ ಆ ಹಸುವಿನ ಗುರುತು. ಬಿದ್ದುಹೋದರೆ ತಕ್ಷಣ ತಿಳಿಸಿ ಹೊಸ ಓಲೆ ಹಾಕಿಸಬೇಕು. ಓಲೆಯಿಲ್ಲದಿದ್ದರೆ ಪರಿಹಾರವಿಲ್ಲ. ಎರಡು ಮೂರು ಸಾಲು ಅಷ್ಟೇ. ಅಪ್ಪ ಹೆಬ್ಬೆಟ್ಟು ಒತ್ತಿದ ದಿನ ಯಾರಾದರೂ ಇದನ್ನು ಬಾಯಿಬಿಟ್ಟು ಹೇಳಿದ್ದರೆ ಓಲೆ ದೇವರ ಗೂಡು ಸೇರುತ್ತಿರಲಿಲ್ಲ. ಆ ರಾತ್ರಿ ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಬೀಡಿ ಹಚ್ಚಿದರು, ಏನೂ ಹೇಳಲಿಲ್ಲ.

ಎರಡನೇ ಸಲ 34 ಬಂತು. ಈಗ ಪ್ರಾಧಿಕಾರ ಲೈಸೆನ್ಸ್ ಕೊಡುವುದಿಲ್ಲ, ಕಂಪನಿಯೇ ನೇಮಕ ಪತ್ರ, ಗುರುತಿನ ಚೀಟಿ ಕೊಡುತ್ತದೆ. ಅದು ಬಂದ ವಾರವೇ ಸೋದರಮಾವ ಮನೆಗೆ ಬಂದರು. ಮೂರು ದಿನದಿಂದ ಮೇವು ಮುಟ್ಟದ ಹಸು, ‘ಬೇಗ ಒಂದು ವಿಮೆ ಮಾಡ್ಬುಡು’ ಎಂದರು. ಮೊದಲು ಡಾಕ್ಟರಿಗೆ ತೋರಿಸಿ, ಕಾಯಿಲೆ ಮುಚ್ಚಿ ಬರೆಯಲಾರೆ ಎಂದೆ. ‘ನಮ್ ಹುಡುಗೀನೇ ಹಿಂಗಂದ್ರೆ’ ಎಂದು ಎದ್ದು ಹೋದವರು ಗೌರಿ ಹಬ್ಬಕ್ಕೂ ಬರಲಿಲ್ಲ. ಅಮ್ಮ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾಳೆ. ಅವರ ಹಸು ಉಳಿಯಿತು, ಪುಣ್ಯಕ್ಕೆ.

ಅಪ್ಪ ಮಾತ್ರ ಈಚೆಗೆ ಒಂದು ಪಡ್ಡೆ ಹಸು ತಂದಿದ್ದಾರೆ. ಅದಕ್ಕೆ ನನ್ನ ಕೈಯಲ್ಲೇ ವಿಮೆ ಮಾಡಿಸಿದರು. ರಾತ್ರಿ ಕೊಟ್ಟಿಗೆಯಲ್ಲಿ ಟಾರ್ಚ್ ಬೆಳಕು ಕಂಡರೆ ನಾನು ಏಳುವುದಿಲ್ಲ. ಅವರು ಅದರ ಕಿವಿ ನೋಡುತ್ತಿರುತ್ತಾರೆ.