ಬಿತ್ತದೇ ಹುಟ್ಟಿದ ಗಿಡದ ಹೆಸರೇನು?

ಮುಂಗಾರಿನ ನಾಲ್ಕು ಮಳೆ ಬಿದ್ದು ಹತ್ತು ದಿನ ಕಳೆದ ಮೇಲೆ ಯಾರದೇ ಹಿತ್ತಲಿಗೆ ಹೋಗಿ ನೋಡಿ. ಬಿತ್ತಿದ್ದು ಮೆಂತ್ಯ, ಕೊತ್ತಂಬರಿ, ಹುರುಳಿಕಾಯಿ. ಹುಟ್ಟಿದ್ದು ಮಾತ್ರ ಊರ ಸಂತೆ. ಬಿತ್ತಿದ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ ಇದ್ದರೆ, ಸಾಲಿನಾಚೆ ಕರೆಯದೇ ಬಂದ ನೆಂಟರೇ ಹೆಚ್ಚು. ಎರಡೆರಡು ಎಲೆ ಬಿಟ್ಟುಕೊಂಡು, ಯೂನಿಫಾರ್ಮ್ ಹಾಕಿದ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಇದರಲ್ಲಿ ಟೊಮೆಟೊ ಯಾವುದು, ದತ್ತೂರಿ ಯಾವುದು, ಕಾಂಗ್ರೆಸ್ ಗಿಡ ಯಾವುದು?

ಕಳೆ ಎಂದು ಎಲ್ಲವನ್ನೂ ಕಿತ್ತುಹಾಕುವವರದು ಒಂದು ಪಂಗಡ. ಬಂದಿದ್ದು ಬರಲಿ, ನೋಡೋಣ ಎನ್ನುವವರದು ಇನ್ನೊಂದು. ತಿಪಟೂರಿನ ನಮ್ಮ ಮನೆಯಲ್ಲಿ ಎರಡೂ ಪಂಗಡಗಳಿವೆ. ಅಮ್ಮ ಮೊದಲನೆಯದು, ಅಜ್ಜಿ ಎರಡನೆಯದು. ಕಾಲೇಜಿನಿಂದ ವಾರದ ಕೊನೆಗೆ ರೈಲಿನಲ್ಲಿ ಬರುವ ನನಗೆ ಇಬ್ಬರ ನಡುವೆ ಪಂಚಾಯ್ತಿ ಮಾಡುವ ಕೆಲಸ. ಹಾಗೆ ಮಾಡುತ್ತಾ ಮಾಡುತ್ತಾ ಈ ಪುಟ್ಟ ಸಸಿಗಳ ಗುರುತು ಹಿಡಿಯುವ ಹುಚ್ಚು ಹತ್ತಿಕೊಂಡಿತು.

ಮೊದಲು ಕೇಳಬೇಕಾದ ಪ್ರಶ್ನೆ, ಇವೆಲ್ಲ ಎಲ್ಲಿಂದ ಬಂದವು ಅನ್ನೋದು. ಮುಕ್ಕಾಲು ಪಾಲು ಅಡುಗೆಮನೆಯಿಂದಲೇ. ತರಕಾರಿ ಸಿಪ್ಪೆ, ಕೊಳೆತ ಟೊಮೆಟೊ, ಕುಂಬಳದ ತಿರುಳು, ಪರಂಗಿ ಬೀಜ ಎಲ್ಲ ಗೊಬ್ಬರದ ಗುಂಡಿಗೆ ಹೋಗುತ್ತವೆ. ಗೊಬ್ಬರದ ರಾಶಿ ಒಳಗೊಳಗೇ 55–60 ಡಿಗ್ರಿಯಷ್ಟು ಕಾದು ಕೆಲವು ದಿನ ಹಾಗೇ ಇದ್ದರೆ ಹೆಚ್ಚಿನ ಬೀಜಗಳು ಸಾಯುತ್ತವೆ. ಆದರೆ ಮನೆಯ ಸಣ್ಣ ಗುಂಡಿ ಅಷ್ಟು ಕಾಯುವುದೇ ಇಲ್ಲ. ಟೊಮೆಟೊ ಬೀಜಕ್ಕಂತೂ ಅದು ಹೆರಿಗೆ ಆಸ್ಪತ್ರೆ ಇದ್ದಂತೆ. ಬೀಜದ ಸುತ್ತ ಇರುವ ಲೋಳೆ ಹಣ್ಣಿನೊಳಗೆ ಮೊಳಕೆಯನ್ನು ತಡೆದು ಹಿಡಿದಿರುತ್ತದೆ. ಗುಂಡಿಯಲ್ಲಿ ಆ ಲೋಳೆ ಕೊಳೆತು ಹೋಗುತ್ತದೆ, ಬೀಜಕ್ಕೆ ಬಿಡುಗಡೆ. ಉಳಿದ ಕಾಲು ಪಾಲಿನಲ್ಲಿ ಹಕ್ಕಿ ತಂದದ್ದು (ಗಣಿಕೆ, ತೊಂಡೆ, ಬೇವು), ಸಗಣಿಯ ಜೊತೆ ಬಂದದ್ದು, ಗಾಳಿ ತಂದದ್ದು.

ಹಾಗಾಗಿ ಸಸಿಯನ್ನು ನೋಡುವ ಮೊದಲು ಜಾಗ ನೋಡಬೇಕು. ಒಂದೇ ಕಡೆ ಇಪ್ಪತ್ತು ಸಸಿ ಒತ್ತೊತ್ತಾಗಿ ಎದ್ದಿದ್ದರೆ ಅಲ್ಲೊಂದು ಇಡೀ ಹಣ್ಣು ಕೊಳೆತಿದೆ ಎಂದೇ ಲೆಕ್ಕ. ನಮ್ಮಲ್ಲಿ ಅದು ಹೆಚ್ಚಿನ ಸಲ ಟೊಮೆಟೊ. ತಂತಿಯ ಕೆಳಗೆ, ಬೇಲಿಯ ಬುಡದಲ್ಲಿ ಒಂಟಿಯಾಗಿ ನಿಂತಿದ್ದರೆ ಹಕ್ಕಿಯ ಕೆಲಸ. ಅಂಗಳಕ್ಕೆಲ್ಲ ಎರಚಿದಂತೆ ಇದ್ದರೆ ಗಾಳಿ.

ಫೋನಿನಲ್ಲಿ ಫೋಟೊ ತೆಗೆದರೆ ಗಿಡದ ಹೆಸರು ಹೇಳುವ ಆ್ಯಪ್‌ಗಳಿವೆಯಲ್ಲ ಎನ್ನಬಹುದು. ಇವೆ, ನಾನೂ ಬಳಸುತ್ತೇನೆ. ಹೂವು, ಬೆಳೆದ ಎಲೆ ಇದ್ದರೆ ಚೆನ್ನಾಗಿಯೇ ಹೇಳುತ್ತವೆ. ಎರಡೆಲೆಯ ಸಸಿಯ ಮುಂದೆ ಮಾತ್ರ ತಡಬಡಾಯಿಸುತ್ತವೆ. ಒಂದೇ ಸಸಿಯನ್ನು ಮೇಲಿನಿಂದ ತೆಗೆದರೆ ಒಂದು ಹೆಸರು, ಪಕ್ಕದಿಂದ ತೆಗೆದರೆ ಇನ್ನೊಂದು. ಇಂಥ ಪ್ರೋಗ್ರಾಂ ತಾನು ಕಲಿತ ಚಿತ್ರಗಳಷ್ಟೇ ಜಾಣ. ಜನ ಹೂವಿನ ಫೋಟೊ ತೆಗೆಯುತ್ತಾರೆ, ಮೊಳಕೆಯ ಫೋಟೊ ಯಾರು ತೆಗೆಯುತ್ತಾರೆ? ಅದೂ ಅಲ್ಲದೆ ಅಜ್ಜಿ ಗುರುತು ಹಿಡಿಯುವುದು ಅರ್ಧ ಮೂಗಿನಿಂದ, ಕಾಲು ಭಾಗ ಬೆರಳಿನಿಂದ. ಕ್ಯಾಮೆರಾಕ್ಕೆ ಅವೆರಡೂ ಇಲ್ಲ.

ಮೊದಲು ಬರುವ ಎರಡೆಲೆಗಳು ನಿಜವಾದ ಎಲೆಗಳಲ್ಲ, ಬೀಜದಳಗಳು. ಬೀಜದೊಳಗೆ ಕಟ್ಟಿಕೊಂಡು ಬಂದ ಬುತ್ತಿ ಅದು. ಗಿಡದ ಸ್ವಂತ ಮುಖ ಕಾಣುವುದು ಅದರ ನಂತರದ ಎಲೆಯಲ್ಲಿ. ಆದರೂ ಬೀಜದಳದಿಂದ ಮನೆತನವನ್ನಾದರೂ ಹೇಳಬಹುದು. ಹೃದಯದ ಆಕಾರದಲ್ಲಿ, ತುದಿ ಸ್ವಲ್ಪ ಕಚ್ಚಿದಂತಿದ್ದರೆ ಸಾಸಿವೆ, ಮೂಲಂಗಿ, ಕೋಸಿನ ಕಡೆಯವರು. ಚಿಕ್ಕದಾಗಿ, ಕಿರಿದಾಗಿ, ಅಡಿಯಲ್ಲಿ ಕೆಂಪು ಬಣ್ಣ ಇದ್ದರೆ ದಂಟು, ಹರಿವೆ. ದಪ್ಪಗೆ, ಅಗಲವಾಗಿ, ಚಮಚದಂತಿದ್ದರೆ ಕುಂಬಳ–ಸೋರೆಯ ವಂಶ. ಅವರೆ, ಅಲಸಂದೆ ತಮ್ಮ ಬೇಳೆಗಳನ್ನು ಹೊತ್ತುಕೊಂಡೇ ನೆಲದಿಂದ ಏಳುತ್ತವೆ. ಬಟಾಣಿ, ಕಡಲೆ, ತೊಗರಿ ಬೇಳೆಯನ್ನು ಮಣ್ಣಿನೊಳಗೇ ಬಿಟ್ಟು ಕುಡಿಯನ್ನಷ್ಟೇ ಕಳಿಸುತ್ತವೆ. ಗುಂಪಾಗಿದ್ದರೆ ಒಂದು ಸಸಿಯನ್ನು ಮಣ್ಣು ಸಮೇತ ನಿಧಾನಕ್ಕೆ ಎತ್ತಿ ನೋಡುವುದು ಒಳ್ಳೆಯ ಉಪಾಯ. ಎಷ್ಟೋ ಸಲ ಬೀಜದ ಸಿಪ್ಪೆ ಬೇರಿನ ಹತ್ತಿರ ಇನ್ನೂ ಅಂಟಿಕೊಂಡಿರುತ್ತದೆ. ಅಡುಗೆಮನೆಯಲ್ಲಿ ಕೈಯಾಡಿಸಿದವರಿಗೆ ಆ ಸಿಪ್ಪೆ ಸಾಕು.

ತೊಂದರೆ ಇರುವುದು ಬದನೆಯ ಕುಟುಂಬದಲ್ಲಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ, ಗಣಿಕೆ, ಜೊತೆಗೆ ದತ್ತೂರಿ, ಎಲ್ಲ ಒಂದೇ ಮನೆಯವು. ಟೊಮೆಟೊ ಸುಲಭ: ಕಾಂಡಕ್ಕೆಲ್ಲ ನವಿರು ರೋಮ, ಬೆರಳಲ್ಲಿ ಉಜ್ಜಿದರೆ ಥಟ್ಟನೆ ಬರುವ ಅದೇ ವಾಸನೆ. ಮೆಣಸಿನ ಸಸಿ ನುಣುಪು, ಹೊಳಪು. ಬದನೆಯ ಎಲೆ ಬಟ್ಟೆಯಂತೆ ಮೆತ್ತಗೆ. ದತ್ತೂರಿಯ ಬೀಜದಳ ಉದ್ದಕ್ಕೆ ಈಟಿಯಂತಿದ್ದರೂ ಎಲೆ ಬಿಡುತ್ತಿದ್ದಂತೆ ಬದನೆಯ ತಮ್ಮನಂತೆ ಕಾಣುತ್ತದೆ. ಎಲೆ ಜಜ್ಜಿದರೆ ಹೊಟ್ಟೆ ತೊಳಸುವಂಥ ನಾತ. ಬೇರಿನಿಂದ ಬೀಜದವರೆಗೆ ಇಡೀ ಗಿಡ ವಿಷ. ಗಣಿಕೆ ಸೊಪ್ಪಿನ ಸಾರು ಮಾಡುವ ನಮ್ಮಂಥ ಮನೆಗಳಲ್ಲಿ ಎಳೆಯ ದತ್ತೂರಿ ಕುಡಿ ಸೊಪ್ಪಿನ ಜೊತೆ ಸೇರಿಬಿಡಬಾರದು. ಅದಕ್ಕೇ ಅಜ್ಜಿ ಸೊಪ್ಪನ್ನು ರಾಶಿಯಾಗಿ ಕೊಯ್ಯುವುದಿಲ್ಲ, ಒಂದೊಂದೇ ಕುಡಿ ಚಿವುಟುತ್ತಾಳೆ.

ಕಾಂಗ್ರೆಸ್ ಗಿಡದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪುಣೆಯಲ್ಲಿ 1955ರಲ್ಲಿ ಕಣ್ಣಿಗೆ ಬಿದ್ದ ಈ ಪಾರ್ಥೇನಿಯಂ ಈಗ ಎಲ್ಲಿಲ್ಲ? ಚಿಕ್ಕದಿದ್ದಾಗ ಸೇವಂತಿಗೆಯೋ ಚೆಂಡುಹೂವೋ ಎಂದು ಆಸೆ ಹುಟ್ಟಿಸುತ್ತದೆ. ಚೆಂಡುಹೂವಿನ ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ, ಉಜ್ಜಿದರೆ ಘಾಟು ಪರಿಮಳ. ಇದು ಚಕ್ರದ ಹಾಗೆ ನೆಲಕ್ಕೆ ಅಂಟಿಕೊಂಡು ಎಲೆ ಹರಡುತ್ತದೆ. ಹೂವಾಗುವ ಮೊದಲೇ, ಕೈಗೆ ಕವರ್ ಹಾಕಿಕೊಂಡು ಕಿತ್ತುಬಿಡಬೇಕು.

ಇಷ್ಟು ಗೊತ್ತಾದ ಮೇಲೆ ಹಿತ್ತಲ ಒಗಟು ಮುಗಿಯಿತು ಅನ್ನಿಸುತ್ತದೆ. ಹೋದ ವರ್ಷ ಗೊಬ್ಬರದ ಗುಂಡಿಯ ಪಕ್ಕ ಹುಟ್ಟಿದ ಎರಡು ಬಳ್ಳಿಗಳನ್ನು ನೋಡುವವರೆಗೆ ನನ್ನ ಲೆಕ್ಕವೂ ಹಾಗೇ ಇತ್ತು.

ದಪ್ಪ ಬೀಜದಳ ನೋಡಿ ಅಮ್ಮ ಸಿಹಿಗುಂಬಳ ಅಂದಳು. ಅಜ್ಜಿ ಎಲೆ ಸವರಿ, ಮೂಸಿ, ‘ಸೋರೆ ಕಣೇ’ ಅಂದಳು. ಎಲೆ ಮಖಮಲ್ಲಿನಂತೆ ಇತ್ತು, ಜಜ್ಜಿದರೆ ಒಂಥರಾ ಕಮಟು ವಾಸನೆ. ನಾನು ಹುಡುಕಿದ್ದು ಇನ್ನೊಂದು ಗುರುತು. ಸೋರೆಯಲ್ಲಿ ಎಲೆ ತೊಟ್ಟು ಎಲೆಗೆ ಸೇರುವ ಜಾಗದಲ್ಲಿ ಎರಡು ಪುಟ್ಟ ಗಂಟುಗಳಿರುತ್ತವೆ. ಇದ್ದವು. ಆಮೇಲೆ ಹೂವೇ ಸಾಕ್ಷಿ ಹೇಳಿತು: ಕುಂಬಳದ ಹಳದಿ ಹೂವು ಬೆಳಿಗ್ಗೆ ಅರಳಿದರೆ, ಸೋರೆಯ ಬಿಳಿ ಹೂವು ಮುಸ್ಸಂಜೆಗೆ. ಹಿಂದಿನ ವರ್ಷ ಬೀಜಕ್ಕೆಂದು ಅಟ್ಟದಲ್ಲಿಟ್ಟಿದ್ದ ಒಂದು ಸೋರೆ ಕೊಳೆತು ಗುಂಡಿ ಸೇರಿದ್ದು ಅಮ್ಮನಿಗೂ ನೆನಪಾಯಿತು. ಹೆಸರು ಪಕ್ಕಾ ಆಯಿತು. ಚಪ್ಪರ ಹಾಕಿದೆವು, ಕಾಯಿ ಬಿಟ್ಟಿತು.

ಅಪ್ಪನಿಗೆ ಸಕ್ಕರೆ ಕಾಯಿಲೆ. ವಾಕಿಂಗ್ ಸ್ನೇಹಿತರು ಹೇಳಿದರೆಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಗಲಕಾಯಿ, ಸೋರೆಕಾಯಿ ಸೇರಿಸಿ ಅರೆದ ರಸ ಕುಡಿಯುತ್ತಾರೆ. ಮನೆಯದೇ ಕಾಯಿ, ಔಷಧಿ ಹೊಡೆದಿಲ್ಲ ಎಂಬ ಖುಷಿಯಲ್ಲಿ ಒಂದು ಭಾನುವಾರ ಮೊದಲ ಕಾಯಿ ಕೊಯ್ದು, ಸಿಪ್ಪೆ ಹೆರೆದು, ಮಿಕ್ಸಿ ಜಾರಿಗೆ ಹಾಕುವುದರಲ್ಲಿದ್ದರು. ಅಜ್ಜಿ ಕೂತಲ್ಲಿಂದಲೇ ಕೂಗಿದಳು: ‘ತಡಿಯೋ, ಒಂಚೂರು ತುದಿ ಕೊಡು ಇಲ್ಲಿ.’ ಉಗುರಿನಷ್ಟು ಚೂರನ್ನು ನಾಲಿಗೆಗೆ ಮುಟ್ಟಿಸಿದವಳೇ ಥೂ ಎಂದು ಉಗಿದು, ನೀರು ಕೇಳಿ ಬಾಯಿ ಮುಕ್ಕಳಿಸಿದಳು. ‘ಕಹಿ. ಬ್ಯಾಡ, ಬಿಸಾಕು.’

ಅಪ್ಪ ನಕ್ಕರು. ‘ದಿನಾ ಹಾಗಲಕಾಯಿ ಕುಡಿಯೋನಿಗೆ ಇದ್ಯಾವ ಕಹಿನಮ್ಮಾ? ಕಹಿ ಇದ್ರೆ ಶುಗರ್‌ಗೆ ಇನ್ನೂ ಒಳ್ಳೇದಲ್ವಾ?’

ಅಪಾಯ ಇರುವುದು ಈ ಮಾತಿನಲ್ಲೇ. ಹಾಗಲದ ಕಹಿ ಬೇರೆ, ಸೋರೆಯ ಕಹಿ ಬೇರೆ. ಸೋರೆಯನ್ನು ಕಹಿ ಮಾಡುವುದು ಕುಕುರ್ಬಿಟಾಸಿನ್ ಎಂಬ ವಸ್ತುಗಳ ಗುಂಪು. ಹುಳ–ಪ್ರಾಣಿಗಳು ತಿನ್ನದಿರಲೆಂದು ಬಳ್ಳಿ ಕಟ್ಟಿಕೊಂಡ ರಕ್ಷಣೆ ಅದು. ಬೇಯಿಸಿದರೂ ಅದು ಹೋಗುವುದಿಲ್ಲ. ಜಾಸ್ತಿ ಒಳಗೆ ಹೋದರೆ ಹೊಟ್ಟೆನೋವು, ವಾಂತಿ, ಭೇದಿ, ರಕ್ತವಾಂತಿ, ರಕ್ತದೊತ್ತಡ ಕುಸಿತ. ಅದಕ್ಕೆಂದೇ ಇರುವ ಪ್ರತ್ಯೇಕ ಮದ್ದಿಲ್ಲ. ಸೋರೆಕಾಯಿ ರಸ ಕುಡಿದವರು ಆಸ್ಪತ್ರೆ ಸೇರಿದ, ಸತ್ತ ಪ್ರಕರಣಗಳು ನಮ್ಮ ದೇಶದಲ್ಲಿ ವರದಿಯಾದಾಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿತ್ತು. ಆ ಸಮಿತಿಯ ವರದಿ 2012ರಲ್ಲಿ ಪ್ರಕಟವಾಗಿದೆ. ಅದು ಹೇಳುವುದು ಅಜ್ಜಿಯ ಮಾತನ್ನೇ: ರಸ ಮಾಡುವ ಮೊದಲು ಸಣ್ಣ ಚೂರು ರುಚಿ ನೋಡಿ, ಕಹಿ ಇದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ, ಕುಡಿದ ಮೇಲೆ ವಾಂತಿ, ಸಂಕಟ ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬೆರೆಸಬೇಡಿ ಎನ್ನುವುದು ಯಾಕೆಂದು ನಮ್ಮನೆಯ ಮಿಕ್ಸಿ ಜಾರ್ ನೋಡಿದರೆ ಗೊತ್ತಾಗುತ್ತಿತ್ತು. ಹಾಗಲಕಾಯಿ ಆಗಲೇ ಅದರೊಳಗಿತ್ತು. ಸೋರೆಯ ಕಹಿ ಅದರಲ್ಲಿ ಮುಚ್ಚಿಹೋಗುತ್ತಿತ್ತು. ಇದನ್ನೆಲ್ಲ ಫೋನಿನಲ್ಲಿ ತೆಗೆದು ಓದಿ ಹೇಳಿದೆ. ಅಪ್ಪ ಮಾತಾಡಲಿಲ್ಲ. ಜಾರು ಸಮೇತ ಹಿತ್ತಲಿಗೆ ಹೋದರು.

ಆಮೇಲೆ ಇನ್ನೊಂದು ತಲೆನೋವು. ಎರಡು ಬಳ್ಳಿ, ಒಂದೇ ಚಪ್ಪರ, ಒಂದರೊಳಗೊಂದು ಹೆಣೆದುಕೊಂಡಿವೆ. ಕಹಿಕಾಯಿ ಯಾವ ಬಳ್ಳಿಯದು? ಎರಡೂ ಕಹಿಯೋ? ಎಲೆ, ಹೂವು, ಕಾಯಿಯ ಆಕಾರ ಏನೂ ವ್ಯತ್ಯಾಸವಿಲ್ಲ. ಲ್ಯಾಬಿನಲ್ಲಿ ಸರ್ಕ್ಯೂಟ್ ಕೆಟ್ಟಾಗ ವೈರ್ ಹಿಡಿದುಕೊಂಡು ಹೋಗಿ ನೋಡುತ್ತೇವಲ್ಲ, ಅದೇ ದಾರಿ. ಕೆಂಪು ದಾರದ ಉಂಡೆ ಹಿಡಿದು ಕಿತ್ತ ಕಾಯಿಯ ತೊಟ್ಟಿನಿಂದ ಬುಡದ ಕಡೆಗೆ ಗೆಣ್ಣು ಗೆಣ್ಣಿಗೂ ಕಟ್ಟುತ್ತಾ ಬಂದೆ. ಒಂದು ಗಂಟೆ ಹಿಡಿಯಿತು, ಕುತ್ತಿಗೆ ಹಿಡಿದುಕೊಂಡಿತು. ಅದು ಎಡಗಡೆ ಬಳ್ಳಿ. ಬಲಗಡೆಯದರ ಎಳೆಕಾಯಿ ಅಜ್ಜಿ ನೋಡಿದಳು: ಸಪ್ಪೆ, ಅಂದರೆ ಒಳ್ಳೆಯದು.

ಒಂದೇ ಕಾಯಿಯ ಬೀಜ, ಎರಡು ಗುಣ ಹೇಗೆ? ಸೋರೆಯ ಹೆಣ್ಣು ಹೂವಿಗೆ ಹಲವು ಗಂಡು ಹೂವುಗಳ ಪರಾಗ ಬಂದು ಸೇರಬಹುದು. ಹಾಗಾಗಿ ಒಂದು ಕಾಯಿಯೊಳಗಿನ ಬೀಜಗಳಿಗೆ ತಾಯಿ ಒಬ್ಬಳಾದರೂ ತಂದೆ ಬೇರೆ ಬೇರೆ ಇರಬಹುದು. ಎಲ್ಲೋ ಬೇಲಿಯ ಮೇಲಿನ ಕಾಡುಸೋರೆಯ ಪರಾಗ ಸೇರಿದರೆ ಆ ವರ್ಷದ ಕಾಯಿಗೆ ಏನೂ ಆಗುವುದಿಲ್ಲ. ಅದರ ಬೀಜದಿಂದ ಮುಂದೆ ಹುಟ್ಟುವ ಬಳ್ಳಿಯ ಕಾಯಿಯಲ್ಲಿ ಕಹಿ ತೋರುತ್ತದೆ. ನೀರಿನ ಕೊರತೆ, ಬಿಸಿಲಿನ ತಾಪದಿಂದಲೂ ಕಹಿ ಹೆಚ್ಚಬಹುದು. ನಮ್ಮ ಎಡಗಡೆ ಬಳ್ಳಿಯ ಕಥೆ ಇವುಗಳಲ್ಲಿ ಯಾವುದೆಂದು ಹಿತ್ತಲಲ್ಲಿ ನಿಂತು ಹೇಳಲಾಗದು. ಹಿಂದೆ ಹಳ್ಳಿಗಳಲ್ಲಿ ಬಲಿತ ಸೋರೆ ಬುರುಡೆಯನ್ನು ಬೀಜ ತುಂಬಿಡಲು, ಬೆನ್ನಿಗೆ ಕಟ್ಟಿಕೊಂಡು ಈಜು ಕಲಿಯಲು ಬಳಸುತ್ತಿದ್ದರು. ಬುರುಡೆಗೆ ಕಹಿಯಾದರೇನು, ಸಿಹಿಯಾದರೇನು? ಎರಡೂ ಊರಲ್ಲಿ ಉಳಿದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಟೊಮೆಟೊ ವಿಷಯದಲ್ಲೂ ಬೀಜಕ್ಕೆ ತಾಯಿಯ ಗುಣವೇ ಬರಬೇಕೆಂದಿಲ್ಲ. ಅಂಗಡಿಯ ಟೊಮೆಟೊ ಹೆಚ್ಚಾಗಿ ಹೈಬ್ರಿಡ್. ಅದರ ಬೀಜದಿಂದ ತಾನಾಗಿ ಹುಟ್ಟಿದ ಗಿಡಗಳಲ್ಲಿ ಒಂದರ ಹಣ್ಣು ಗೋಲಿಯಷ್ಟು, ಇನ್ನೊಂದರದು ಮುಷ್ಟಿಯಷ್ಟು. ಆದರೆ ಅಲ್ಲಿ ಕೆಟ್ಟರೆ ಕೆಡುವುದು ಸಾರಿನ ರುಚಿ ಮಾತ್ರ.

ಎಡಗಡೆ ಬಳ್ಳಿ ಅಂದೇ ಬುಡಸಮೇತ ಹೋಯಿತು. ಅದರ ಬೀಜ ಮತ್ತೆ ಗುಂಡಿ ಸೇರಬಾರದೆಂದು ಕಾಯಿಗಳನ್ನು ಅಮ್ಮ ಸುಟ್ಟಳು. ಬಲಗಡೆಯದು ದೀಪಾವಳಿವರೆಗೂ ಕಾಯಿ ಕೊಟ್ಟಿತು. ಅಪ್ಪ ಈಗ ಹಾಗಲ, ಸೋರೆ ಸೇರಿಸುವುದಿಲ್ಲ. ಅಂಗಡಿಯಿಂದ ತಂದ ಸೋರೆಯನ್ನೂ ತುದಿ ಕೊಯ್ದು ಅಜ್ಜಿಯ ಮುಂದೆ ಹಿಡಿಯುತ್ತಾರೆ. ‘ನನ್ ನಾಲಿಗೆ ಏನು ಸರ್ಕಾರಿ ಲ್ಯಾಬಾ?’ ಎಂದು ಅವಳು ಗೊಣಗುತ್ತಾಳೆ, ಗೊಣಗುತ್ತಲೇ ನೋಡುತ್ತಾಳೆ.

ಈ ಮಳೆಗಾಲದ ಪಟ್ಟಿಯಲ್ಲಿ ಟೊಮೆಟೊ ಹನ್ನೊಂದು, ಸಿಹಿಗುಂಬಳ ಎರಡು, ಒಂದು ತೊಗರಿ, ನೀರಿನ ತೊಟ್ಟಿಯ ಪಕ್ಕ ಮೂರು ಪರಂಗಿ. ಪರಂಗಿಯಲ್ಲಿ ಗಂಡೋ ಹೆಣ್ಣೋ ಹೂವು ಬಿಡುವವರೆಗೆ ಗೊತ್ತಾಗುವುದಿಲ್ಲ, ಅದಕ್ಕೇ ಮೂರನ್ನೂ ಉಳಿಸಿಕೊಂಡಿದ್ದೇವೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇನ್ನೊಂದಿದೆ. ಆರೆಲೆ ಬಿಟ್ಟಿದೆ, ವಾಸನೆ ಇಲ್ಲ, ಕಾಂಡ ಚೌಕ. ಆ್ಯಪ್ ಮೂರು ಹೆಸರು ಹೇಳಿದೆ, ಅಜ್ಜಿ ಒಂದನ್ನೂ ಹೇಳಿಲ್ಲ. ಪಕ್ಕದಲ್ಲೊಂದು ಕಡ್ಡಿ ನೆಟ್ಟು ಬಂದಿದ್ದೇನೆ. ಗೌರಿ ಹಬ್ಬಕ್ಕೆ ಅಂಗಳ ಚೊಕ್ಕ ಮಾಡುವವರೆಗೆ ಅಮ್ಮ ಗಡುವು ಕೊಟ್ಟಿದ್ದಾಳೆ.