ಅಡ್ಡದಾರಿ ಮುಚ್ಚೋಕೆ ಬೋರ್ಡು ಸಾಲದು

ನಿಮ್ಮ ಬಡಾವಣೆಯ ಪಾರ್ಕನ್ನೇ ನೋಡಿ. ಪಾಲಿಕೆಯವರು ಕಲ್ಲು ಹಾಸಿ, ಎರಡೂ ಬದಿ ಗಿಡ ನೆಟ್ಟು ಚೆಂದದ ದಾರಿ ಮಾಡಿರುತ್ತಾರೆ. ಆ ದಾರಿ ಮೂಲೆ ತನಕ ಹೋಗಿ ತಿರುಗುತ್ತದೆ. ನಮ್ಮ ಜನ ಅಲ್ಲೀತನಕ ಯಾಕೆ ಹೋಗ್ತಾರೆ? ಹುಲ್ಲಿನ ಮೇಲೆ ಓರೆಯಾಗಿ ಹಾಯ್ದು ಗೇಟು ಸೇರುತ್ತಾರೆ. ತಿಂಗಳೊಳಗೆ ಅಲ್ಲೊಂದು ಮಣ್ಣಿನ ಗೆರೆ ಮೂಡುತ್ತದೆ. 'ಹುಲ್ಲಿನ ಮೇಲೆ ನಡೆಯಬೇಡಿ' ಅನ್ನುವ ಬೋರ್ಡು ಬರುವ ಹೊತ್ತಿಗೆ ಅಲ್ಲಿ ಹುಲ್ಲೇ ಇರುವುದಿಲ್ಲ.

ಸಮತಟ್ಟಾದ ಪಾರ್ಕಿನಲ್ಲಿ ಇದರಿಂದ ಹಾಳಾಗುವುದು ನಾಲ್ಕು ಹಿಡಿ ಹುಲ್ಲು. ಬೆಟ್ಟದ ಇಳಿಜಾರಿನಲ್ಲಿ ಇದೇ ಕೆಲಸ ಮಾಡಿದರೆ ಮಳೆ ಬಂದಾಗ ಮಣ್ಣೇ ಹೊರಟುಹೋಗುತ್ತದೆ. ಹಾಗೆ ಹೋದ ಮಣ್ಣನ್ನು ವಾಪಸ್ ತಂದು ಕೂರಿಸೋದು ಎಷ್ಟು ಕಷ್ಟ ಅಂತ ನನಗೆ ಗೊತ್ತಾಗಿದ್ದು ಅಮೆರಿಕದ ಕಾಡೊಂದರಲ್ಲಿ, ಕೈಗೆ ಸಲಕರಣೆ ಹಿಡಿದ ಮೇಲೆ.

ಸೈಕಲ್ಲಿಗೇ ಅಂತ ಒಂದು ಕಾಡು

ನಾನು ಸಾಗರದ ಕಡೆಯವನು. ಸಿಯಾಟಲ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ವಾರವಿಡೀ ಸ್ಕ್ರೀನ್ ನೋಡಿ ಕಣ್ಣು ಉರಿ ಬಂದಾಗ ಮೌಂಟನ್ ಬೈಕ್ ತಗೊಂಡು ಇಸಾಕ್ವಾ ಪಕ್ಕದ ಡ್ಯೂಥಿ ಹಿಲ್‌ಗೆ ಹೋಗುತ್ತೇನೆ. ಸುಮಾರು 120 ಎಕರೆ ಕಾಡು. ಡಗ್ಲಸ್ ಫರ್ ಮರಗಳು, ಕೆಳಗೆ ಸೊಂಟದೆತ್ತರ ಜರೀಗಿಡ, ಅವುಗಳ ನಡುವೆ ಸೈಕಲ್ಲಿಗೆಂದೇ ಕಡಿದ ಕಿರಿದಾದ ಮಣ್ಣಿನ ಟ್ರೇಲ್‌ಗಳು. ಜಾಗ ಕಿಂಗ್ ಕೌಂಟಿಯದು, ಅಂದರೆ ನಮ್ಮ ಲೆಕ್ಕದಲ್ಲಿ ಜಿಲ್ಲಾಡಳಿತದ್ದು. ದಾರಿಗಳನ್ನು ಕಡಿದಿದ್ದು ಎವರ್‌ಗ್ರೀನ್ ಮೌಂಟನ್ ಬೈಕ್ ಅಲಯನ್ಸ್ ಎಂಬ ಸಂಸ್ಥೆ ಮತ್ತು ಅದರ ಸ್ವಯಂಸೇವಕರು. 2010ರಲ್ಲಿ ಪಾರ್ಕ್ ತೆರೆಯಿತು.

ಈ ಸಂಸ್ಥೆ ಹುಟ್ಟಿದ್ದು 1989ರಲ್ಲಿ, ಬೇರೆ ಹೆಸರಿನಲ್ಲಿ. ಆಗ ಮೌಂಟನ್ ಬೈಕ್ ಹೊಸದು. 'ಇವು ದಾರಿ ಹಾಳುಮಾಡುತ್ತವೆ' ಅಂತ ಅಮೆರಿಕದ ಎಷ್ಟೋ ಕಾಡುದಾರಿಗಳಲ್ಲಿ ಸೈಕಲ್ಲಿಗೆ ಬಾಗಿಲು ಹಾಕುತ್ತಿದ್ದ ಕಾಲ ಅದು. 'ದಾರಿಯನ್ನು ನಾವೇ ನೋಡಿಕೊಳ್ಳುತ್ತೇವೆ, ನಮಗೆ ಓಡಿಸಲು ಬಿಡಿ' ಅನ್ನುವುದು ಸವಾರರು ಕೊಟ್ಟ ಉತ್ತರ. ಆ ಒಪ್ಪಂದ ಇವತ್ತಿಗೂ ಉಸಿರಾಡುತ್ತಿರುವುದು ಶನಿವಾರ ಬೆಳಿಗ್ಗೆ ಬಂದು ಮಣ್ಣು ಅಗೆಯುವವರ ಮೇಲೆ. ಅವರು ಬರುವುದು ನಿಂತರೆ 'ಮುಚ್ಚಲಾಗಿದೆ' ಎಂಬ ಬೋರ್ಡು ಬರಲು ಬಹಳ ದಿನ ಬೇಕಾಗಿಲ್ಲ.

ನಾಲ್ಕು ಸೆಕೆಂಡಿನ ಉಳಿತಾಯ

ಇಳಿಯುವ ದಾರಿಯೊಂದರಲ್ಲಿ ಹೇರ್‌ಪಿನ್ ತಿರುವು ಇತ್ತು. ಸರಿಯಾದ ದಾರಿ ಎಡಕ್ಕೆ ಹೋಗಿ, ಸುತ್ತಿ, ಕೆಳಗೆ ಬರುತ್ತದೆ, ಹತ್ತಿರ ಹತ್ತಿರ ನಲವತ್ತು ಮೀಟರ್. ಯಾರೋ ಒಬ್ಬ ತಿರುವು ಬಿಟ್ಟು ಜರೀಗಿಡಗಳ ಮಧ್ಯೆ ನೇರ ಇಳಿದ. ಅದು ಹನ್ನೆರಡೇ ಮೀಟರ್. ಅವನ ಚಕ್ರದ ಗುರುತು ನೋಡಿ ಇನ್ನೊಬ್ಬ ಇಳಿದ. ಆ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಅದು ಮೊಣಕಾಲುದ್ದದ ಕೊರಕಲು. ಬೇರುಗಳು ಹೊರಬಂದು ಹಲ್ಲು ಕಿರಿಯುತ್ತಿದ್ದವು. ಕೆಳಗೆ ಎರಡೂ ದಾರಿ ಸೇರುವ ಕಡೆ ರಾಡಿಯ ಹೊಂಡ. ಹೊಂಡ ತಪ್ಪಿಸಲು ಪಕ್ಕದಲ್ಲಿ ಮತ್ತೊಂದು ದಾರಿ, ಅದೂ ರಾಡಿಯಾದ ಮೇಲೆ ಮೂರನೆಯದು.

ಇಷ್ಟೆಲ್ಲ ಆಗಿ ಉಳಿಯುತ್ತಿದ್ದುದು ಎಷ್ಟು? ನಾಲ್ಕು ಸೆಕೆಂಡು. ನಗಬೇಡಿ. ಸ್ಟ್ರಾವಾದಂಥ ಆ್ಯಪ್‌ಗಳಲ್ಲಿ ಪ್ರತಿ ಇಳಿಜಾರಿಗೂ ಒಂದು ಪಟ್ಟಿ ಇರುತ್ತದೆ, ಯಾರು ಎಷ್ಟು ಬೇಗ ಇಳಿದರು ಅಂತ. ಆ ಪಟ್ಟಿಯಲ್ಲಿ ನಾಲ್ಕು ಸೆಕೆಂಡು ಅಂದರೆ ಮೂವತ್ತು ಜನರನ್ನು ಹಿಂದೆ ಹಾಕಬಹುದು. ಟ್ರೇಲ್ ಕಟ್ಟುವವರು ಇಂಥ ಸೀಳುದಾರಿಗೆ 'ಸ್ಟ್ರಾವಾ ಲೈನ್' ಅಂತಲೇ ಹೆಸರಿಟ್ಟಿದ್ದಾರೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾಡಿನ ನೆಲದ ಮೇಲೆ ಓಡಾಟದ ಪರಿಣಾಮವನ್ನು ಅಳೆದ ಸಂಶೋಧಕರು ಮತ್ತೆ ಮತ್ತೆ ಕಂಡುಕೊಂಡ ಸಂಗತಿ ಇದು: ಹೆಚ್ಚಿನ ಹಾನಿ ಆಗುವುದು ಮೊದಮೊದಲ ಓಡಾಟದಲ್ಲೇ. ಗಿಡ ಮುರಿದು, ಎಲೆಗೊಬ್ಬರದ ಪದರ ಕಿತ್ತು, ಮಣ್ಣು ಒತ್ತಿಹೋಗಲು ಸಾವಿರ ಜನ ಬೇಕಿಲ್ಲ. ಆಮೇಲೆ ಬರುವ ಸಾವಿರ ಜನ ಮಾಡುವ ಹೆಚ್ಚುವರಿ ಹಾನಿ ಅಷ್ಟಕ್ಕಷ್ಟೇ. ಹಾಗಾಗಿ 'ಒಂದೇ ದಾರಿ ಸವೆಯುವ ಬದಲು ಎಲ್ಲರೂ ಹಂಚಿಕೊಂಡು ಓಡಾಡಿದರೆ ಒಳ್ಳೆಯದಲ್ವಾ' ಅನ್ನುವ ವಾದ ಕೇಳೋಕೆ ಚೆನ್ನ, ನೆಲದ ಮೇಲೆ ಪೂರ್ತಿ ಉಲ್ಟಾ. ಸವೆದ ದಾರಿಯನ್ನೇ ಗಟ್ಟಿ ಮಾಡಿ ಎಲ್ಲರನ್ನೂ ಅದರಲ್ಲೇ ಕಳಿಸುವುದು ಕಾಡಿಗೆ ಕ್ಷೇಮ.

ನಿಜವಾದ ಸವಾರ ನೀರು

ದಾರಿ ಹಾಳಾದಾಗ ಬೈಗುಳ ಸೈಕಲ್ಲಿನವರಿಗೆ. ಮೊಂಟಾನಾದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಾತ್ರ ಚಕ್ರಗಳಿಗಿಂತ ಕುದುರೆ ಗೊರಸು ಮತ್ತು ಮನುಷ್ಯರ ಕಾಲೇ ಹೆಚ್ಚು ಮಣ್ಣು ಸಡಿಲಿಸಿದ್ದು ಕಂಡಿತ್ತು. ಹಾಗಂತ ಬ್ರೇಕ್ ಒತ್ತಿ ಚಕ್ರ ಜಾರಿಸಿಕೊಂಡು ಹೋಗುವವರನ್ನು ಬಿಟ್ಟುಬಿಡಬೇಕಿಲ್ಲ, ಅವರು ನೇಗಿಲು ಹೊಡೆದಂತೆ ಗೆರೆ ಎಳೆಯುತ್ತಾರೆ. ಆದರೆ ಕಾಲು, ಗೊರಸು, ಚಕ್ರ ಮಾಡುವುದು ಮಣ್ಣು ಸಡಿಲಿಸುವ ಕೆಲಸ. ಅದನ್ನು ಹೊತ್ತೊಯ್ಯುವುದು ನೀರು.

ಅದಕ್ಕೇ ಟ್ರೇಲ್ ಕಟ್ಟುವವರ ನಿಯಮಗಳೆಲ್ಲ ನೀರಿನ ಸುತ್ತಲೇ ಇವೆ. ಮೊದಲನೆಯದು ಅರ್ಧದ ನಿಯಮ: ದಾರಿಯ ಇಳಿಜಾರು ಬೆಟ್ಟದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು. ಬೆಟ್ಟ ಶೇ 20 ಇಳಿಜಾರಿದ್ದರೆ ದಾರಿ ಶೇ 10ರೊಳಗಿರಬೇಕು. ಆಗ ನೀರು ದಾರಿಯನ್ನು ಅಡ್ಡ ಹಾಯ್ದು ಕೆಳಗೆ ಹೋಗುತ್ತದೆ. ಎರಡನೆಯದು, ದಾರಿ ಕಣಿವೆಯ ಬದಿಗೆ ತುಸು ವಾಲಿರಬೇಕು, ಶೇ 5ರಷ್ಟು ಸಾಕು. ಮೂರನೆಯದು, ಇಳಿಯುವ ದಾರಿ ಅಲ್ಲಲ್ಲಿ ಸ್ವಲ್ಪ ಏರಬೇಕು. ಆ ತಗ್ಗಿನಲ್ಲಿ ನೀರು ಹೊರಬೀಳುತ್ತದೆ.

ಅಡ್ಡದಾರಿ ಈ ಮೂರನ್ನೂ ಮುರಿಯುತ್ತದೆ. ಬೆಟ್ಟ ಎಷ್ಟು ಕಡಿದೋ ದಾರಿಯೂ ಅಷ್ಟೇ ಕಡಿದು. ಒಳಗೆ ಬಂದ ನೀರಿಗೆ ಹೊರಹೋಗಲು ಜಾಗವಿಲ್ಲ, ಹೋಗ್ತಾ ಹೋಗ್ತಾ ವೇಗ ಏರುತ್ತದೆ. ಹರಿಯುವ ನೀರಿನ ಬಗ್ಗೆ ಎಂಜಿನಿಯರುಗಳ ಹಳೆಯ ಲೆಕ್ಕವೊಂದಿದೆ: ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ. ಹನ್ನೆರಡು ಮೀಟರಿನ ಗೆರೆ ಒಂದೇ ಮಳೆಗಾಲದಲ್ಲಿ ಕೊರಕಲಾಗುವುದು ಹೀಗೆ.

ಶನಿವಾರ ಬೆಳಿಗ್ಗೆ ಒಂಬತ್ತು

ಕೆಲಸ ಇಟ್ಟುಕೊಳ್ಳುವುದು ಮಳೆಯ ತಿಂಗಳುಗಳಲ್ಲಿ. ಬೇಸಿಗೆಯ ಮಣ್ಣು ಹುಡಿ ಹುಡಿ, ಕೂರುವುದಿಲ್ಲ. ಒದ್ದೆ ಮಣ್ಣು ಒತ್ತಿದಂತೆ ಗಟ್ಟಿಯಾಗುತ್ತದೆ. ಆವತ್ತು ಹದಿನಾಲ್ಕು ಜನ ಬಂದಿದ್ದೆವು. ಒಬ್ಬ ಬಡಗಿ, ಇಬ್ಬರು ಕಾಲೇಜು ಹುಡುಗಿಯರು, ಒಬ್ಬ ದಂತವೈದ್ಯ, ಉಳಿದವರು ಬಹುತೇಕ ನಮ್ಮಂಥ ಕೀಬೋರ್ಡ್ ಜನ. ದಾವಣಗೆರೆಯ ನನ್ನ ಗೆಳೆಯನೂ ಬಂದಿದ್ದ. ತಂಡ ನಡೆಸುತ್ತಿದ್ದವರು ಅರವತ್ತು ದಾಟಿದ ಒಬ್ಬ ಮಹಿಳೆ. ಮೊದಲ ಹತ್ತು ನಿಮಿಷ ಸುರಕ್ಷತೆಯ ಪಾಠ: ಸಲಕರಣೆ ಹೆಗಲ ಮೇಲೆ ಬೇಡ, ಕೈಯಲ್ಲಿ, ಕಣಿವೆಯ ಬದಿಗೆ. ಬೀಸುವಾಗ ಸುತ್ತ ಹತ್ತು ಅಡಿಯೊಳಗೆ ಯಾರೂ ಇರಬಾರದು.

ಸಲಕರಣೆಗಳೂ ಕುತೂಹಲದವು. ಪುಲಾಸ್ಕಿ ಅಂದರೆ ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ. 1910ರ ದೊಡ್ಡ ಕಾಡ್ಗಿಚ್ಚಿನಲ್ಲಿ ತನ್ನ ಕೆಲಸಗಾರರನ್ನು ಗಣಿ ಸುರಂಗದೊಳಗೆ ನುಗ್ಗಿಸಿ ಬಹುತೇಕರ ಜೀವ ಉಳಿಸಿದ ಇಡಾಹೋದ ಅರಣ್ಯಾಧಿಕಾರಿ ಎಡ್ ಪುಲಾಸ್ಕಿಯ ಹೆಸರು ಅದಕ್ಕೆ. ಮೆಕ್ಲೌಡ್ ಇನ್ನೊಂದು: ಒಂದು ಬದಿ ದಪ್ಪ ಹಲ್ಲಿನ ಕುಂಟೆ, ಇನ್ನೊಂದು ಬದಿ ಅಗಲ ಅಲಗು. ಕೆರೆಯಲು, ತಟ್ಟಿ ಗಟ್ಟಿ ಮಾಡಲು ಎರಡಕ್ಕೂ ಅದೇ.

ನಾನು ಅಂದುಕೊಂಡಿದ್ದು ಮೊದಲು ಅಡ್ಡದಾರಿ ಮುಚ್ಚುತ್ತೇವೆ ಅಂತ. ಅವರು ನಮ್ಮನ್ನು ಕರೆದೊಯ್ದಿದ್ದು ಸರಿದಾರಿಗೆ. ತಿರುವಿನ ಮೇಲೆ ನೀರು ನಿಂತಿತ್ತು. ಅಂಚು ಎದ್ದು ಬದುವಿನಂತಾಗಿ ನೀರು ಹೊರಗೆ ಹೋಗುತ್ತಿರಲಿಲ್ಲ. ಆ ಬದು ಕಡಿದು, ದಾರಿಯನ್ನು ಮತ್ತೆ ಹೊರಗೆ ವಾಲಿಸಿದೆವು. ಮೇಲೆ ಎಲೆಗೊಬ್ಬರದ ಕಪ್ಪು ಮಣ್ಣು, ಅದು ನೀರು ಕುಡಿದು ಸ್ಪಂಜಿನಂತಾಗುತ್ತದೆ. ಅದನ್ನೆಲ್ಲ ಎತ್ತಿ ಹಾಕಿ ಕೆಳಗಿನ ಕಂದು ಗಟ್ಟಿಮಣ್ಣು ಸಿಗುವ ತನಕ ಅಗೆದೆವು. ಆ ಮಣ್ಣನ್ನು ಬಕೆಟ್ಟಿನಲ್ಲಿ ಹೊತ್ತು ತಿರುವಿನ ಹೊರಬದಿಗೆ ಏರಿಸಿ ತಟ್ಟಿದೆವು. ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗೈಯಲ್ಲಿ ಎರಡು ಬೊಬ್ಬೆ. "ಊರಲ್ಲಿ ತೋಟದ ಕೆಲಸಕ್ಕೆ ಕರೆದ್ರೆ ಬರ್ತಿದ್ಯೇನೋ ಮಾರಾಯಾ?" ಅಂತ ಗೆಳೆಯ ಬೇರೆ ರೇಗಿಸಿದ.

ಅವನ ಮಾತಲ್ಲಿ ಹುರುಳಿತ್ತು. ಆ ರಾತ್ರಿ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ಫೋಟೊ ತೋರಿಸಿದರೆ, "ಬಸಿಗಾಲುವೆ ಬಿಡಿಸೋಕೆ ಅಮೆರಿಕಕ್ಕೆ ಹೋಗ್ಬೇಕಿತ್ತಾ? ಇಲ್ಲೇ ಬಾ, ಬೇಕಾದಷ್ಟಿದೆ" ಅಂದರು. ನಿಜ. ನೀರು ನಿಲ್ಲಬಾರದು, ನುಗ್ಗಲೂಬಾರದು, ಬಸಿದು ಹೋಗಬೇಕು ಎಂಬುದು ಅಡಿಕೆ ತೋಟದವರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಿಲ್ಲ. ಮಳೆಯ ಅಳತೆಯಲ್ಲಿ ಸಿಯಾಟಲ್ ನಗರ ನಮ್ಮ ಮಲೆನಾಡಿನ ಹತ್ತಿರವೂ ಬರುವುದಿಲ್ಲ, ವರ್ಷಕ್ಕೆ ಸುಮಾರು 950 ಮಿ.ಮೀ. ಆದರೆ ಜಿಟಿಜಿಟಿ ಅಂತ ತಿಂಗಳುಗಟ್ಟಲೆ ಹಿಡಿಯುತ್ತದೆ.

'ಆ ತಿರುವು ಬೋರಿಂಗ್'

ಮಧ್ಯಾಹ್ನದ ಮೇಲೆ ಅಡ್ಡದಾರಿಗೆ ಇಳಿದೆವು. ಅಷ್ಟರಲ್ಲಿ ಮೇಲಿನಿಂದ ಒಬ್ಬ ಹುಡುಗ ಸೈಕಲ್ಲಿನಲ್ಲಿ ಬಂದು ನಿಂತ. ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. "ಇದನ್ನ ಯಾಕೆ ಮುಚ್ಚುತ್ತಾ ಇದ್ದೀರಿ? ಎಲ್ಲರೂ ಇದರಲ್ಲೇ ಹೋಗೋದು" ಅಂದ. ದಂತವೈದ್ಯರಿಗೆ ಸಿಟ್ಟು ಬಂತು. "ನಿಮ್ಮಂಥವರಿಂದಲೇ ನಾವಿಲ್ಲಿ ಕೆಸರಲ್ಲಿ ನಿಂತಿರೋದು" ಅಂದುಬಿಟ್ಟರು. ಮಾತು ಬೆಳೆಯುವ ಹಾಗಿತ್ತು.

ತಂಡದ ಮುಖ್ಯಸ್ಥೆ ಮಧ್ಯೆ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಮೇಲಿನ ತಿರುವಲ್ಲಿ ನಿಮಗೆ ಏನು ಇಷ್ಟ ಆಗಲ್ಲ?" ಹುಡುಗ ಸ್ವಲ್ಪ ಯೋಚಿಸಿ, "ಅದು ಬೋರಿಂಗ್. ವೇಗದಲ್ಲಿ ಬಂದಾಗ ಪೂರ್ತಿ ಬ್ರೇಕ್ ಹಿಡೀಬೇಕು, ತಿರುವಲ್ಲಿ ಚಕ್ರಕ್ಕೆ ಹಿಡಿತ ಇಲ್ಲ, ನೀರು ಬೇರೆ" ಅಂದ. "ಸರಿ, ಅದನ್ನೇ ಬೆಳಿಗ್ಗೆಯಿಂದ ಸರಿ ಮಾಡಿದ್ದೀವಿ. ಒಂದು ಸಲ ಓಡಿಸಿ ನೋಡಿ ಹೇಳಿ" ಅಂದರು. ಅವನು ಸೈಕಲ್ ತಳ್ಳಿಕೊಂಡು ಮೇಲೆ ಹೋದ, ಇಳಿದ, ಮತ್ತೆ ತಳ್ಳಿಕೊಂಡು ಹೋದ. "ಹೊರಬದಿ ಇನ್ನೊಂದು ಅರ್ಧ ಅಡಿ ಎತ್ತರಿಸಿದ್ರೆ ಬ್ರೇಕೇ ಬೇಡ" ಅಂದ. ಎತ್ತರಿಸಿದೆವು. ಅವನೂ ನಾಲ್ಕು ಬಕೆಟ್ ಹೊತ್ತ, ಆಮೇಲೆ ಕೆಲಸ ಇದೆ ಅಂತ ಹೊರಟ.

ಸಾಫ್ಟ್‌ವೇರಿನಲ್ಲಿ ನಾವು ಇದನ್ನು ದಿನಾ ನೋಡುತ್ತೇವೆ. ಎಲ್ಲರೂ ನಿಯಮ ಬಿಟ್ಟು ಬೇರೆ ದಾರಿ ಹಿಡಿದಿದ್ದಾರೆ ಅಂದರೆ, ನಿಯಮದ ದಾರಿಯಲ್ಲೇ ಏನೋ ತೊಡಕಿದೆ ಅಂತ ಅರ್ಥ. ಬಳಸುವವರಿಗೆ ಬೈದರೆ ತೊಡಕು ಹೋಗುವುದಿಲ್ಲ.

ಅಡ್ಡದಾರಿ ಮುಚ್ಚುವುದೂ ಒಂದು ಕಲೆ. ಎರಡು ದಿಮ್ಮಿ ಅಡ್ಡ ಹಾಕಿದರೆ ಜನ ಹಾರಿಸಿಕೊಂಡು ಹೋಗುತ್ತಾರೆ. ಗಟ್ಟಿಯಾದ ನೆಲವನ್ನು ಮೊದಲು ಕೆದಕಿ ಸಡಿಲಿಸಬೇಕು, ಇಲ್ಲದಿದ್ದರೆ ಬೀಜ ಮೊಳೆಯುವುದಿಲ್ಲ. ಕೊರಕಲಿನಲ್ಲಿ ಅಲ್ಲಲ್ಲಿ ಅಡ್ಡ ತುಂಡು ಹೂಳಬೇಕು, ನೀರು ನಿಧಾನಿಸಿ ಮಣ್ಣು ಅಲ್ಲೇ ಕೂರುತ್ತದೆ. ಒಣ ಕೊಂಬೆಗಳನ್ನು ನೆಲಕ್ಕೆ ನೆಟ್ಟಗೆ ಊರಬೇಕು, ಮೇಲೆ ತರಗೆಲೆ ಹರಡಬೇಕು, ನಡುನಡುವೆ ಜರೀಗಿಡ ಬೇರು ಸಮೇತ ತಂದು ನೆಡಬೇಕು. ಮುಖ್ಯವಾಗಿ, ಮೇಲಿನಿಂದ ಬರುವವರ ಕಣ್ಣಿಗೆ ಅಲ್ಲೊಂದು ದಾರಿ ಇತ್ತು ಅಂತಲೇ ಕಾಣಬಾರದು.

ಮೂರು ವಾರ ಬಿಟ್ಟು ಹೋದಾಗ ಯಾರೋ ಕೊಂಬೆಗಳನ್ನು ಕಿತ್ತು ಬದಿಗೆ ಎಸೆದಿದ್ದರು. ಮತ್ತೆ ನೆಟ್ಟೆವು. ಅದಾದ ಮೇಲೆ ಇನ್ನೊಮ್ಮೆ. ಮುಂದಿನ ವಸಂತಕ್ಕೆ ಜರೀಗಿಡಗಳು ಚಿಗುರಿದವು. ತಿರುವಿನಲ್ಲಿ ಈಗ ನೀರು ನಿಲ್ಲುವುದಿಲ್ಲ. ಆದರೆ ಕೊಚ್ಚಿಹೋದ ಮೇಲ್ಮಣ್ಣು ಮರಳಿಲ್ಲ. ಅದು ನಮ್ಮ ಆಯುಷ್ಯದಲ್ಲಿ ಆಗುವ ಕೆಲಸವೂ ಅಲ್ಲ.

ನಮ್ಮ ಬೆಟ್ಟಗಳಿಗೆ

2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಚಾರಣಿಗರು ಕಿಕ್ಕಿರಿದ ವಿಡಿಯೊ ನಿಮ್ಮ ಫೋನಿಗೂ ಬಂದಿರಬೇಕು. ಅದರ ಬೆನ್ನಿಗೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ಸರ್ಕಾರ ತಡೆ ಹಾಕಿತು. ಮುಂದೆ ಒಂದು ಚಾರಣಪಥಕ್ಕೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಮಿತಿ ಬೇಕು, ತಕರಾರಿಲ್ಲ. ಆದರೆ ಆ 300 ಜನ ತಿರುವು ಬಿಟ್ಟು ನೇರ ಇಳಿದರೆ ಶೋಲೆಯ ಅಂಚಿನ ಹುಲ್ಲುಗಾವಲು ಸೀಳಲು ಅಷ್ಟೇ ಸಾಕು, ಮೊದಮೊದಲ ಹೆಜ್ಜೆಗಳ ಲೆಕ್ಕ ನೆನಪಿದೆಯಲ್ಲ.

ಹಾಗಂತ ಈ ಭಾನುವಾರವೇ ಗುದ್ದಲಿ ಹಿಡಿದು ಬೆಟ್ಟ ಹತ್ತಬೇಡಿ. ನಮ್ಮಲ್ಲಿ ಅರಣ್ಯಭೂಮಿಯಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ, ಇಲ್ಲಿಯೂ ಕೌಂಟಿಯ ಒಪ್ಪಿಗೆ ಇಲ್ಲದೆ ನಾವೊಂದು ಕಲ್ಲು ಸರಿಸುವುದಿಲ್ಲ. ಆದರೆ ಚಾರಣ ಗುಂಪುಗಳು, ಸೈಕ್ಲಿಂಗ್ ಕ್ಲಬ್‌ಗಳು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ, 'ವರ್ಷಕ್ಕೆ ಎರಡು ದಿನ ನಾವು ಬರ್ತೀವಿ, ನೀವು ಹೇಳಿದ ಕಡೆ ಕೆಲಸ ಮಾಡ್ತೀವಿ' ಅಂತ ಕೇಳಬಹುದಲ್ಲ? ಪ್ಲಾಸ್ಟಿಕ್ ಹೆಕ್ಕಲು ಎಷ್ಟೋ ತಂಡಗಳು ಈಗಾಗಲೇ ಹೋಗುತ್ತಿವೆ. ದಾರಿಯ ನೀರು ಬಿಡಿಸುವುದು ಅದರ ಮುಂದಿನ ಹೆಜ್ಜೆ. ಅದನ್ನು ಕಲಿಸಬಲ್ಲವರು ಪ್ರತಿ ಬೆಟ್ಟದ ಬುಡದ ಊರಲ್ಲೂ ಇದ್ದಾರೆ.

ಅಲ್ಲೀತನಕ ನೀವು ಒಬ್ಬರೇ ಮಾಡಬಹುದಾದ್ದು ಇಷ್ಟು. ತಿರುವು ಬಂದಾಗ ತಿರುಗಿ. ಕೆಸರಿದ್ದರೆ ಪಕ್ಕಕ್ಕೆ ಹೋಗಬೇಡಿ, ಮಧ್ಯದಲ್ಲೇ ಹಾಯಿರಿ, ಶೂ ತೊಳೆದರೆ ಹೋಗುತ್ತದೆ. ಜೋರು ಮಳೆ ಬಂದ ಮರುದಿನ ಸೈಕಲ್ ಬೇರೆ ಕಡೆ ಓಡಿಸಿ. ಗುಂಪಿನಲ್ಲಿ ಯಾರಾದರೂ "ಇಲ್ಲೊಂದು ಶಾರ್ಟ್‌ಕಟ್ ಇದೆ" ಅಂದರೆ, ಮೊದಲ ಹತ್ತು ಜನರಲ್ಲಿ ನೀವಿರಬೇಡಿ.